ಮೊದಲ ಕೌದಿ

ಹಳೆಯ ಸೀರೆಗಳನ್ನು ಕೊಟ್ಟು ಪಾತ್ರೆ ಕೊಳ್ಳುವ ಗೃಹಿಣಿಯರು ಬಹಳ ಮಂದಿ. ಬಣ್ಣ ಮಾಸಿದ ನೂಲಿನ ಸೀರೆಗೆ ಒಂದು ಬೋಗುಣಿ ದೊರೆತರೆ ಅದೇ ಲಾಭವೆನಿಸುತ್ತದೆ. ಧಾರವಾಡ, ಬಾಗಲಕೋಟೆಗಳ ಕಡೆಯ ಹಿರಿಯ ಹೆಂಗಸರ ಲೆಕ್ಕವೇ ಬೇರೆ. ಜೀರ್ಣವಾದ ಭಾಗವನ್ನು ತೆಗೆದು, ಗಟ್ಟಿಯಾದುದನ್ನು ಪದರಪದರವಾಗಿ ಜೋಡಿಸಿ ಅವರು ಕೌದಿ ಹೊಲಿಯುತ್ತಾರೆ. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಚಳಿಯನ್ನು ತಡೆಯುತ್ತದೆ. ಹತ್ತಿಯಾದ್ದರಿಂದ ಮೈಗೂ ಹಿತ.

ಈ ವಿದ್ಯೆಯನ್ನು ಹೊಸದಾಗಿ ಕಲಿಯುವವರು ಹಾಸಿಗೆಯಗಲದ ಕೌದಿಗೆ ಕೈಹಾಕಬಾರದು. ಅದು ತಿಂಗಳುಗಟ್ಟಲೆ ಹಿಡಿದು ಮೂಲೆ ಸೇರುವ ಸಂಭವವೇ ಹೆಚ್ಚು. ಕುಳಿತುಕೊಳ್ಳಲು ಹಾಸುವ ಎರಡಡಿ ಚೌಕದ ಕೌದಿ ಮೊದಲ ಪಾಠಕ್ಕೆ ಸಾಕು.

ಬಟ್ಟೆಯೆಲ್ಲವೂ ಹತ್ತಿಯದೇ ಆಗಿರಲಿ. ರೇಷ್ಮೆ, ನೈಲಾನುಗಳನ್ನು ಬೆರೆಸಿದರೆ ಒಗೆದಾಗ ಒಂದು ಕುಗ್ಗಿ, ಇನ್ನೊಂದು ಕುಗ್ಗದೆ ಹೊಲಿಗೆ ಸುಕ್ಕುಗಟ್ಟುತ್ತದೆ. ಹೊಸ ತುಂಡುಗಳನ್ನು ಸೇರಿಸುವುದಾದರೆ ಮೊದಲು ಒಗೆದು ಒಣಗಿಸಬೇಕು. ಒದ್ದೆಯಾದ ಬಿಳಿಯ ಬಟ್ಟೆಯನ್ನು ಒತ್ತಿ ನೋಡಿದರೆ ಬಣ್ಣ ಬಿಡುವುದೋ ಇಲ್ಲವೋ ತಿಳಿಯುತ್ತದೆ. ಬೆಳಕಿಗೆ ಹಿಡಿದಾಗ ಎಳೆ ಬಿಟ್ಟುಕೊಂಡಂತೆ ಕಾಣುವ ಭಾಗ ಒಳಪದರಕ್ಕೆ ಮಾತ್ರ ಯೋಗ್ಯ.

ನಾಲ್ಕು ಪದರಗಳನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹರಡಿ, ನಡುವಿನಿಂದ ಹೊರಗಡೆಗೆ ಕೈಯಾಡಿಸಿ, ಉದ್ದುದ್ದವಾದ ಸಡಿಲ ಹೊಲಿಗೆಗಳಿಂದ ಹಿಡಿದಿಡಬೇಕು. ಕೆಲಸ ಮುಗಿದ ಮೇಲೆ ಇವನ್ನು ಬಿಚ್ಚಬಹುದು. ಅಂಚುಗಳನ್ನು ಒಳಕ್ಕೆ ಮಡಿಚಿ ಹೊಲಿದ ನಂತರ, ಸೂಜಿಯನ್ನು ಮೇಲೆ ಕೆಳಗೆ ಓಡಿಸುತ್ತ ಸಾಲುಸಾಲಾಗಿ ಹೊಲಿಯಬೇಕು. ಸಾಲುಗಳ ನಡುವೆ ಒಂದು ಬೆರಳಗಲ ಅಂತರವಿರಲಿ. ದಾರ ಒಂದು ಮೊಳಕ್ಕಿಂತ ಹೆಚ್ಚು ಉದ್ದವಿದ್ದರೆ ಗಂಟಾಗುತ್ತದೆ. ಅದನ್ನು ಬಿಗಿಯಾಗಿ ಎಳೆದರೆ ಬಟ್ಟೆ ಮುದುರುತ್ತದೆ. ಹೊಲಿಗೆ ಚಿಕ್ಕದಾಗಿರುವುದಕ್ಕಿಂತ ಒಂದೇ ಸಮನಾಗಿರುವುದು ಮುಖ್ಯ.

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸುತ್ತಿನ ಸಿದ್ದಿ ಮಹಿಳೆಯರ ಕ್ರಮ ಇದಕ್ಕಿಂತ ಭಿನ್ನ. ಆಫ್ರಿಕಾ ಮೂಲದ ಈ ಜನಾಂಗದವರ ಕೌದಿಗಳಿಗೆ ಇಂದು ದೇಶವಿದೇಶಗಳಲ್ಲಿ ಮೆಚ್ಚುಗೆಯುಂಟು. ಅವರು ಒಂದು ಮೂಲೆಯಿಂದ ಆರಂಭಿಸಿ, ಅಂಚಿನಗುಂಟ ಬಣ್ಣದ ತುಂಡುಗಳನ್ನಿಟ್ಟು ಹೊಲಿಯುತ್ತ, ಸುತ್ತುಸುತ್ತಾಗಿ ನಡುವಿಗೆ ಬಂದು ಸೇರುತ್ತಾರೆ. ಕೊನೆಗೆ ನಾಲ್ಕು ಮೂಲೆಗಳಿಗೂ ಮಡಿಚಿದ ಬಟ್ಟೆಯ ಹೂವುಗಳನ್ನು ಹೊಲಿಯುತ್ತಾರೆ. ಆ ಹೂವುಗಳಿಲ್ಲದ ಕೌದಿ ಅವರ ದೃಷ್ಟಿಯಲ್ಲಿ ಅಪೂರ್ಣ.

ಇವೆಲ್ಲವನ್ನೂ ಪುಸ್ತಕ, ಚಲಚ್ಚಿತ್ರಗಳಿಂದಲೂ ಕಲಿಯಬಹುದು. ಆದರೆ ಅಟ್ಟದ ಮೇಲಿರುವ ಹಳೆಯ ಕೌದಿಯಂತಹ ಪಾಠಪುಸ್ತಕ ಮತ್ತೊಂದಿಲ್ಲ. ಅದನ್ನು ಬಿಸಿಲಿಗೆ ಹರಡಿ, ಹಿಂಬದಿಯನ್ನು ತಿರುವಿ ನೋಡಿದರೆ ದಾರ ಎಲ್ಲಿ ತೊಡಗಿತು, ಮೂಲೆಯಲ್ಲಿ ಹೇಗೆ ತಿರುಗಿತು, ಹರಿದಲ್ಲಿ ತೇಪೆ ಹೇಗೆ ಬಿತ್ತು ಎಂಬುದೆಲ್ಲ ಕಾಣುತ್ತದೆ. ಹೊಲಿದವರು ಏಕೆ ಹಾಗೆ ಮಾಡಿದರೆಂಬುದನ್ನು ಮಾತ್ರ ಬಟ್ಟೆ ಹೇಳಲಾರದು. ಅದನ್ನು ಹೇಳಬಲ್ಲ ಅಜ್ಜಿಯರ ಕಣ್ಣು ವರ್ಷದಿಂದ ವರ್ಷಕ್ಕೆ ಮಂಜಾಗುತ್ತಿದೆ. ಬಿಡುವಾದಾಗ ಕೇಳಿದರಾಯಿತೆಂದು ಮುಂದೂಡಿದ ಮನೆಗಳಲ್ಲಿ ಕೌದಿ ಉಳಿದು ವಿದ್ಯೆ ಹೋಗಿದೆ.

ಅಂತಹ ಹಿರಿಯರು ಮನೆಯಲ್ಲಿದ್ದರೆ, ನೆರೆಯಲ್ಲಿದ್ದರೂ ಸರಿ, ಮೊದಲ ಸಾಲನ್ನು ಅವರ ಕೈಯಿಂದಲೇ ಹಾಕಿಸಬೇಕು. ಸೂಜಿಗೆ ದಾರ ಪೋಣಿಸಿ ಕೊಡುವ ಕೆಲಸ ಕಲಿಯುವವರದು.