ಮೀಡಿಯನ್‌ಗೆ ಹಸಿರು, ಕಾಲುದಾರಿಗೆ ಬಿಸಿಲು
ತಲಪಾಡಿಯಿಂದ ಕಾಸರಗೋಡಿನತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಷಟ್ಪಥವಾಗಿದೆ. ವಾಹನಗಳಿಗೆ ಆದ ಅನುಕೂಲವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಹೊಸಂಗಡಿ, ಉಪ್ಪಳ, ಬಂದ್ಯೋಡು, ಕುಂಬಳೆಗಳಲ್ಲಿ ಬಸ್ಸಿಳಿದು ಶಾಲೆಗೆ ನಡೆಯುವ ಮಕ್ಕಳನ್ನು ಈ ಯೋಜನೆ ಎಷ್ಟರಮಟ್ಟಿಗೆ ಗಣನೆಗೆ ತೆಗೆದುಕೊಂಡಿದೆ? 45 ಮೀಟರ್ ಅಗಲದ ನೆಲವನ್ನು ಆರು ಪಥಗಳೂ ಇಕ್ಕೆಲಗಳ ಸರ್ವಿಸ್ ರಸ್ತೆಗಳೂ ಹಂಚಿಕೊಂಡ ಬಳಿಕ ನಡೆಯುವವರ ಪಾಲಿಗೆ ಉಳಿದದ್ದು ಹೆಚ್ಚಿನೆಡೆ ಚರಂಡಿಯ ಕಾಂಕ್ರೀಟ್ ಮುಚ್ಚಳ. ಹಳೆಯ ಮರಗಳು ಉರುಳಿದವು. ಮುಚ್ಚಳದ ಕೆಳಗೆ ಮಣ್ಣಿಲ್ಲದುದರಿಂದ ಹೊಸ ಮರಕ್ಕೆ ಅಲ್ಲಿ ಎಡೆಯೂ ಇಲ್ಲ.

ಕನ್ನಡ ಮಾಧ್ಯಮದ ಮಕ್ಕಳಿಗೆ ಈ ಬಿಸಿಲು ತುಸು ಹೆಚ್ಚೇ ತಾಗುತ್ತದೆ. ಕನ್ನಡ ವಿಭಾಗ ಎಲ್ಲ ಶಾಲೆಗಳಲ್ಲೂ ಇಲ್ಲ. ಮನೆಯ ಸಮೀಪದ ಶಾಲೆಯನ್ನು ದಾಟಿ ಮುಂದಕ್ಕೆ ಹೋಗಬೇಕಾದವರು ನಮ್ಮಲ್ಲಿದ್ದಾರೆ.

ಕೇಂದ್ರದ 2015ರ ಹಸಿರು ಹೆದ್ದಾರಿ ನೀತಿಯು ಯೋಜನಾ ವೆಚ್ಚದ ಶೇಕಡಾ 1ರಷ್ಟನ್ನು ಗಿಡಮರಗಳಿಗಾಗಿ ಮೀಸಲಿಡುತ್ತದೆ. ಹಣವಿಲ್ಲವೆಂಬ ಮಾತು ಹಾಗಾಗಿ ಪೂರ್ಣ ಸತ್ಯವಲ್ಲ. ಮೀಡಿಯನ್‌ನಲ್ಲಿ ನೆಡುವ ಕಣಗಿಲೆ, ಬೋಗನ್‌ವಿಲ್ಲಾಗಳು ಎದುರು ವಾಹನದ ದೀಪದ ಪ್ರಖರತೆಯನ್ನು ತಡೆಯುತ್ತವೆ. ಅದು ಚಾಲಕನಿಗೆ ದೊರೆತ ಉಪಕಾರ. ಕಾಲ್ನಡಿಗೆಯವನ ನೆತ್ತಿಗೆ ಅದರಿಂದ ಅಂಗೈಯಗಲದ ನೆರಳೂ ಇಲ್ಲ.

ಹೆದ್ದಾರಿಯ ಅಂಚಿನಲ್ಲಿ ಕೈತಪ್ಪಿದ್ದನ್ನು ಹೆದ್ದಾರಿಯಿಂದ ಶಾಲೆಗೆ ಹೊರಳುವ ಪಂಚಾಯತ್ ರಸ್ತೆಗಳಲ್ಲಿ ಇನ್ನೂ ಉಳಿಸಿಕೊಳ್ಳಬಹುದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಕಾಲುದಾರಿಯಲ್ಲಿ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲವನ್ನು ಹೇಳುತ್ತದೆ. ಮರ ಇದರ ಹೊರಗಿರಬೇಕು, ವಾಹನಗಳಿರುವ ಮಗ್ಗುಲಲ್ಲಿ. ಆಗ ಕಾಂಡಗಳ ಸಾಲೇ ಮಕ್ಕಳಿಗೂ ವಾಹನಗಳಿಗೂ ನಡುವಣ ಬೇಲಿಯಾಗುತ್ತದೆ. ನಮ್ಮದು ಮುರಕಲ್ಲಿನ ನೆಲ. ಒಂದಡಿ ಗುಂಡಿ ತೋಡಿ ಸಸಿ ಊರಿದರೆ ಬೇರು ಕೆಳಗಿಳಿಯಲಾರದೆ ಮೇಲೆದ್ದು ಹಾಸುಗಲ್ಲನ್ನೇ ಎತ್ತುತ್ತದೆ. ಕಲ್ಲನ್ನು ಒಡೆದು ಆಳದ ಗುಂಡಿ ಮಾಡಿ ಮೇಲ್ಮಣ್ಣು ತುಂಬಲೇಬೇಕು. ಬುಡದವರೆಗೂ ಕಾಂಕ್ರೀಟ್ ಸುರಿಯುವ ಚಾಳಿಯಂತೂ ನಿಲ್ಲಬೇಕು. ದೆಹಲಿಯ ಮರಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2013ರಲ್ಲಿಯೇ ಬುಡದ ಸುತ್ತಣ 1 ಮೀಟರ್ ಕಾಂಕ್ರೀಟ್ ತೆಗೆಯಲು ಆದೇಶಿಸಿತ್ತು. ಜಾತಿಯ ಆಯ್ಕೆಗೆ ದೂರ ಹೋಗಬೇಕಾಗಿಲ್ಲ: ಹೊಂಗೆ, ರೆಂಜೆ, ಸುರಹೊನ್ನೆ ಕರಾವಳಿಯವೇ.

ಜೂನ್ 5ರ ಸಸಿಗಳು ಬದುಕದಿರುವ ಕಾರಣ ಸರಳ. ಮಳೆಗಾಲದಲ್ಲಿ ಅವು ತಾವಾಗಿಯೇ ಚಿಗುರುತ್ತವೆ. ಬಾಡುವುದು ಏಪ್ರಿಲ್-ಮೇ ತಿಂಗಳಲ್ಲಿ, ಶಾಲೆಗೆ ರಜೆಯಿರುವಾಗ. ಎರಡು ಬೇಸಗೆ ನೀರು ಕಂಡ ಗಿಡವಷ್ಟೇ ಮರವಾದೀತು.

ಕೇರಳದಲ್ಲಿ ಮೂರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂಬುದು ಪಂಚಾಯತ್ ಕಾನೂನು. ಸರ್ಕಾರಿ ಕಚೇರಿಗಳೊಡನೆ ಕನ್ನಡದಲ್ಲಿಯೇ ಪತ್ರವ್ಯವಹಾರ ನಡೆಸುವ ಹಕ್ಕನ್ನು 1969ರ ಅಧಿಕೃತ ಭಾಷಾ ಕಾಯ್ದೆ ನಮಗೆ ನೀಡಿದೆ. ರಕ್ಷಕ-ಶಿಕ್ಷಕ ಸಂಘಗಳು ಕನ್ನಡದಲ್ಲಿಯೇ ಅರ್ಜಿ ಬರೆದು, ಶಾಲಾ ರಸ್ತೆಯ ಹೆಸರು, ಕಾಲುದಾರಿಯ ಅಗಲ, ಗುಂಡಿಯ ಆಳ, ಬೇಸಗೆಯಲ್ಲಿ ನೀರೆರೆಯುವ ಹೊಣೆ ಯಾರದು ಎಂಬುದನ್ನು ಅದರಲ್ಲಿ ಸ್ಪಷ್ಟಪಡಿಸಿ ಮುಂದಿನ ಗ್ರಾಮಸಭೆಯಲ್ಲಿ ಮಂಡಿಸಲಿ. ಸ್ವೀಕೃತಿ ರಸೀದಿಯನ್ನೂ ಕೇಳಿ ಪಡೆಯಲಿ.