ಘಟಕದ ಸ್ಥಳಾಂತರ: ಮನೆ, ಶಾಲೆಗಳ ಲೆಕ್ಕವೂ ಇರಲಿ

ಬೆಂಗಳೂರಿನ ಸಣ್ಣ ಕೈಗಾರಿಕಾ ಘಟಕಗಳು ನಗರದ ಒಳಭಾಗದಿಂದ ಹೊರವಲಯಕ್ಕೆ ಸಾಗುತ್ತಿರುವುದು ಹೊಸ ಸಂಗತಿಯೇನಲ್ಲ. 1970ರ ದಶಕದಲ್ಲಿ ರೂಪುಗೊಂಡ ಪೀಣ್ಯ ಕೈಗಾರಿಕಾ ಪ್ರದೇಶವೂ ಒಂದು ಕಾಲಕ್ಕೆ ನಗರದ ಹೊರಗೇ ಇತ್ತು. 2014ರಲ್ಲಿ ಅಲ್ಲಿಗೆ ಮೆಟ್ರೊ ರೈಲು ಬಂದಿತು. ಇಂದು ಅಲ್ಲಿ ವಿಸ್ತರಣೆಗೆ ಜಾಗವಿಲ್ಲ, ಲಾರಿ ತಿರುಗಲು ರಸ್ತೆಯಿಲ್ಲ. ಆದ್ದರಿಂದಲೇ ಉದ್ದಿಮೆದಾರರ ದೃಷ್ಟಿ ದಾಬಸ್‌ಪೇಟೆ, ವಸಂತನರಸಾಪುರ, ಬಿಡದಿ, ಹಾರೋಹಳ್ಳಿ, ಮಾಲೂರು, ನರಸಾಪುರಗಳ ಕಡೆ ಹೊರಳಿದೆ. ರಾಜ್ಯದ 2025–30ರ ಕೈಗಾರಿಕಾ ನೀತಿಯು ಆಗಿನ ಬೆಂಗಳೂರು ನಗರ ಮತ್ತು ಬೆಂಗಳೂರು ಗ್ರಾಮಾಂತರ ಜಿಲ್ಲೆಗಳ ಹೊರಗೆ ಬಂಡವಾಳ ಹೂಡುವವರಿಗೆ ಹೆಚ್ಚಿನ ಪ್ರೋತ್ಸಾಹ ನೀಡಿರುವುದರಿಂದ ಈ ಒಲವು ಇನ್ನಷ್ಟು ಬಲಗೊಂಡಿದೆ. ವ್ಯಾಪಾರದ ಕ್ಷೇತ್ರದಲ್ಲಿಯೂ ಇದೇ ಚಲನೆಯಿದ್ದು, ಯಶವಂತಪುರದ ಕೃಷಿ ಉತ್ಪನ್ನ ಮಾರುಕಟ್ಟೆಗೆ ದಾಸನಪುರದಲ್ಲಿ ಉಪಪ್ರಾಂಗಣ ನಿರ್ಮಾಣವಾದದ್ದು ಅದಕ್ಕೊಂದು ನಿದರ್ಶನ.

ಇಂತಹ ಸ್ಥಳಾಂತರಕ್ಕೆ ಮುನ್ನ ಉದ್ದಿಮೆದಾರನು ನಿವೇಶನದ ದರ, ವಿದ್ಯುತ್ ಸಂಪರ್ಕ, ಲಾರಿ ಬಾಡಿಗೆ, ಬ್ಯಾಂಕ್ ಸಾಲದ ಬಡ್ಡಿ ಇವೆಲ್ಲವನ್ನೂ ಬಿಡಿಬಿಡಿಯಾಗಿ ಲೆಕ್ಕ ಹಾಕುತ್ತಾನೆ. ಯೋಜನಾ ವರದಿಯಲ್ಲಿ ಕಾಣದಿರುವ ಬಾಬು ಒಂದೇ: ಆತನ ಹಾಗೂ ಆತನ ನುರಿತ ಕೆಲಸಗಾರರ ಎಳೆಯ ಮಕ್ಕಳು ಎಲ್ಲಿ ವಾಸಿಸುವರು, ಎಲ್ಲಿ ಓದುವರು? ಯಂತ್ರವನ್ನು ಕ್ರೇನಿನಿಂದ ಎತ್ತಿ ಟ್ರೇಲರಿನಲ್ಲಿ ಸಾಗಿಸಬಹುದು. ಹದಿನೈದು ವರ್ಷ ಪಳಗಿದ ಟೂಲ್‌ರೂಮ್ ಮೇಸ್ತ್ರಿಯನ್ನು ಹಾಗೆ ಸಾಗಿಸಲಾಗದು. ಆತನ ಹೆಂಡತಿ ಮಕ್ಕಳಿಗೆ ಹೊಸ ಊರು ಒಗ್ಗದಿದ್ದರೆ ಆತ ಹಳೆಯ ಊರಿನಲ್ಲೇ ಬೇರೆ ಕೆಲಸ ಹುಡುಕಿಕೊಳ್ಳುತ್ತಾನೆ. ಆ ನಷ್ಟ ಯಾವ ಸಬ್ಸಿಡಿಯಿಂದಲೂ ತುಂಬುವಂಥದಲ್ಲ.

ದಿನನಿತ್ಯದ ಪ್ರಯಾಣದ ಬೆಲೆ

ಮನೆಯನ್ನು ನಗರದಲ್ಲೇ ಉಳಿಸಿಕೊಂಡು ದಿನವೂ ಹೋಗಿ ಬರುವುದೇ ಮೇಲೆಂದು ಹಲವರು ವಾದಿಸುತ್ತಾರೆ. ಮಕ್ಕಳ ಶಾಲೆ ತಪ್ಪುವುದಿಲ್ಲ, ವೃದ್ಧ ತಂದೆತಾಯಿಯರಿಗೆ ಪರಿಚಿತ ವೈದ್ಯರು ಸಿಗುತ್ತಾರೆ ಎಂಬುದು ಈ ವಾದದ ಬಲ. ಮೇಲ್ನೋಟಕ್ಕೆ ಇದು ಸರಿಯೆನಿಸಿದರೂ ಅಂಕಿಗಳನ್ನು ಇಟ್ಟು ನೋಡಿದಾಗ ಚಿತ್ರ ಬದಲಾಗುತ್ತದೆ. ಒಂದು ಕಡೆಗೆ ಒಂದೂವರೆ ಗಂಟೆಯೆಂದು ಹಿಡಿದರೆ ದಿನಕ್ಕೆ 3 ಗಂಟೆ. ತಿಂಗಳಿಗೆ 25 ಕೆಲಸದ ದಿನಗಳೆಂದರೆ 75 ಗಂಟೆ. ಇದು 8 ಗಂಟೆಯ ಒಂಬತ್ತು ಪಾಳಿಗಳಿಗಿಂತಲೂ ಹೆಚ್ಚು. ಇಷ್ಟು ಕಾಲವನ್ನು ಬಸ್ಸಿನಲ್ಲೋ ಬೈಕಿನಲ್ಲೋ ಕಳೆದ ತಂದೆಗೆ ಮಗು ಏಳುವ ಮುನ್ನ ಹೊರಡುವುದೂ ಮಲಗಿದ ಮೇಲೆ ಬರುವುದೂ ಅನಿವಾರ್ಯವಾಗುತ್ತದೆ.

ದಾರಿಯ ಭರವಸೆಯೂ ಗಟ್ಟಿಯಾದುದಲ್ಲ. 2021ರ ಡಿಸೆಂಬರ್‌ನಲ್ಲಿ ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆಯಲ್ಲಿ ದೋಷ ಕಂಡುಬಂದು ಸಂಚಾರ ನಿಂತಿತು. ಕೆಲವು ವಾರಗಳ ಬಳಿಕ ಲಘು ವಾಹನಗಳಿಗೆ ಅವಕಾಶ ದೊರೆತರೂ, ಭಾರಿ ವಾಹನಗಳು 2024ರ ಜುಲೈವರೆಗೆ ಕೆಳಗಿನ ರಸ್ತೆಯಲ್ಲೇ ಸಾಗಬೇಕಾಯಿತು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಮಾಲೀಕನು ಕಾರಿನಲ್ಲಿ ಬಿಡದಿ ತಲುಪಿದ ಸಮಯವನ್ನೇ ನೆಚ್ಚಿ ಸ್ಥಳ ನಿರ್ಧರಿಸಿದರೆ, ಬೈಕಿನಲ್ಲಿ ಸರ್ವಿಸ್ ರಸ್ತೆ ಹಿಡಿದು ಬರುವ ಫಿಟ್ಟರಿನ ಸಮಯ ಲೆಕ್ಕಕ್ಕೇ ಬರುವುದಿಲ್ಲ.

ಮೂರು ದಾರಿಗಳು

ದಾಬಸ್‌ಪೇಟೆಗೆ ಹೋಗುವ ಘಟಕವೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಸಿಬ್ಬಂದಿಯ ಮುಂದೆ ಮೂರು ದಾರಿಗಳಿವೆ: ಪೀಣ್ಯ–ದಾಸರಹಳ್ಳಿಯ ಹಳೆಯ ಮನೆ, ನಡುದಾರಿಯ ನೆಲಮಂಗಲ, ಇಲ್ಲವೇ ಮುಂದಿನ ತುಮಕೂರು.

ಹೆಂಡತಿಯೂ ನಗರದಲ್ಲಿ ಉದ್ಯೋಗದಲ್ಲಿರುವ ಕುಟುಂಬಕ್ಕೆ ನಡುದಾರಿಯೇ ಯುಕ್ತ. 2024ರ ನವೆಂಬರ್‌ನಲ್ಲಿ ಮೆಟ್ರೊ ಹಸಿರು ಮಾರ್ಗವು ನಾಗಸಂದ್ರದಿಂದ ಮಾದಾವರದವರೆಗೆ ವಿಸ್ತರಿಸಿರುವುದರಿಂದ, ಒಬ್ಬರು ನಗರದ ಕಡೆ, ಇನ್ನೊಬ್ಬರು ಹೆದ್ದಾರಿಯ ಕಡೆ ಹೋಗುವುದು ಸಾಧ್ಯವಾಗಿದೆ. ಬಿಡದಿಯ ಘಟಕಗಳವರಿಗೆ ಇದೇ ಅನುಕೂಲ ಕೆಂಗೇರಿಯಲ್ಲಿದೆ. 2021ರಲ್ಲಿ ಮೆಟ್ರೊ ಅಲ್ಲಿಗೆ ತಲುಪಿತು. ಮೈಸೂರು ರೈಲು ಮಾರ್ಗದಲ್ಲಿ ಕೆಂಗೇರಿ, ಬಿಡದಿ ಎರಡೂ ನಿಲ್ದಾಣಗಳಿವೆ.

ಒಬ್ಬರೇ ದುಡಿಯುವ, ಹತ್ತು ವರ್ಷದೊಳಗಿನ ಮಕ್ಕಳಿರುವ ಕುಟುಂಬಕ್ಕೆ ಮಾತ್ರ ತುಮಕೂರೇ ಮೇಲು. ವಸಂತನರಸಾಪುರದ ಘಟಕಗಳ ಮಟ್ಟಿಗಂತೂ ಇದರಲ್ಲಿ ಎರಡು ಮಾತಿಲ್ಲ. ತುಮಕೂರು ಜಿಲ್ಲಾ ಕೇಂದ್ರ. ಜಿಲ್ಲಾ ಆಸ್ಪತ್ರೆ, ರೈಲು ನಿಲ್ದಾಣ, 2004ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ, ಹಳೆಯ ಶಿಕ್ಷಣ ಸಂಸ್ಥೆಗಳು ಅಲ್ಲಿವೆ. ಮಗು ಅಂಗನವಾಡಿಯಿಂದ ಕಾಲೇಜಿನವರೆಗೆ ಊರು ಬಿಡದೆ ಓದಬಹುದು. ಬೆಂಗಳೂರಿನ ಕಡೆಯ ಅಂಚಿನಲ್ಲಿರುವ ಕ್ಯಾತ್ಸಂದ್ರ, ಬಟವಾಡಿಗಳು ಹೆದ್ದಾರಿಗೆ ಹತ್ತಿರವಿದ್ದು, ದಾಬಸ್‌ಪೇಟೆಗೆ ಹೋಗುವವರಿಗೆ ಊರೊಳಗಿನ ಸಂದಣಿ ದಾಟುವ ತಾಪತ್ರಯವೂ ಇಲ್ಲ.

ಬಾಡಿಗೆಗಿಂತ ಮೊದಲು ನೋಡಬೇಕಾದದ್ದು

ಬಡಾವಣೆಯನ್ನು ಆರಿಸುವಾಗ ಬಾಡಿಗೆಯ ಮೊತ್ತವೇ ಮೊದಲ ಪ್ರಶ್ನೆಯಾಗುವುದು ಸಹಜ. ಆದರೆ ಎಳೆಯ ಮಕ್ಕಳಿರುವವರಿಗೆ ಮೊದಲ ಪ್ರಶ್ನೆ ನೀರಿನದಾಗಿರಬೇಕು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂ ಗರಿಷ್ಠ ಮಿತಿ. ಶಾಶ್ವತ ಹಲ್ಲುಗಳು ಒಳಗೇ ರೂಪುಗೊಳ್ಳುತ್ತಿರುವ ಎಳೆಯ ವಯಸ್ಸಿನಲ್ಲಿ ಹೆಚ್ಚಿನ ಫ್ಲೋರೈಡ್ ಸೇರಿದರೆ ಹಲ್ಲಿನ ಮೇಲೆ ಅಳಿಸಲಾಗದ ಕಲೆ ಉಳಿಯುತ್ತದೆ. ಕುದಿಸಿದರೆ ಇದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಆದ್ದರಿಂದ ಮನೆಗೆ ಬರುವುದು ನದಿಮೂಲದ ನೀರೋ ಕೊಳವೆಬಾವಿಯದೋ ಎಂದು ವಿಚಾರಿಸಬೇಕು. ತುಮಕೂರು ನಗರಕ್ಕೆ ಹೇಮಾವತಿ ನೀರಿನ ಪೂರೈಕೆಯಿದ್ದರೂ ನಿರ್ದಿಷ್ಟ ಬೀದಿಗೆ ಆ ಕೊಳಾಯಿ ಬಂದಿದೆಯೇ ಎಂಬುದನ್ನು ನೆರೆಮನೆಯವರೇ ಹೇಳಬಲ್ಲರು. ಕೊಳವೆಬಾವಿಯಾದರೆ ಒಮ್ಮೆ ಪರೀಕ್ಷೆ ಮಾಡಿಸುವ ಖರ್ಚು ಅಲ್ಪ.

ಬೆಂಗಳೂರಿನ ಹೊರಭಾಗವೂ ಇದಕ್ಕೆ ಹೊರತಲ್ಲ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳು ಬಹುಕಾಲ ಟ್ಯಾಂಕರನ್ನು ನೆಚ್ಚಿಕೊಂಡಿದ್ದವು. ಅವುಗಳಿಗಾಗಿ ರೂಪಿಸಿದ, ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಕಾವೇರಿ 5ನೇ ಹಂತ ಉದ್ಘಾಟನೆಗೊಂಡದ್ದು 2024ರ ಅಕ್ಟೋಬರ್‌ನಲ್ಲಿ. ಅದೇ ವರ್ಷದ ಬೇಸಿಗೆಯ ಬವಣೆಯನ್ನು ನಗರದವರು ಮರೆತಿಲ್ಲ.

ಎರಡನೆಯದು ಶಾಲೆಯ ದೂರ. ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳು 1ರಿಂದ 5ನೇ ತರಗತಿಗೆ 1 ಕಿಲೋಮೀಟರ್, 6ರಿಂದ 8ನೇ ತರಗತಿಗೆ 3 ಕಿಲೋಮೀಟರ್ ಒಳಗೆ ಶಾಲೆಯಿರಬೇಕೆಂಬ ಅಳತೆಯನ್ನು ಸರ್ಕಾರಕ್ಕೆ ವಿಧಿಸಿವೆ. ಪೋಷಕರೂ ಅದೇ ಅಳತೆಗೋಲನ್ನು ಹಿಡಿಯುವುದು ಲೇಸು. ಪ್ರಸಿದ್ಧ ಶಾಲೆಯ ಹೆಸರಿಗಾಗಿ ಆರು ವರ್ಷದ ಮಗುವನ್ನು ಹೆದ್ದಾರಿಯಲ್ಲಿ ವ್ಯಾನಿನಲ್ಲಿ ಗಂಟೆಗಟ್ಟಲೆ ಕೂರಿಸುವುದಕ್ಕಿಂತ, ನಡೆದು ಹೋಗಬಹುದಾದ ಸಾಧಾರಣ ಶಾಲೆ ಉತ್ತಮ. ದಾರಿಯಲ್ಲಿ ಹೆದ್ದಾರಿ ದಾಟಬೇಕಿದ್ದರೆ ಮಾತ್ರ ಹತ್ತಿರದ ಶಾಲೆಯೂ ದೂರವೇ. ಸರ್ವಿಸ್ ರಸ್ತೆ, ಕೆಳಸೇತುವೆಗಳಿವೆಯೇ ಎಂಬುದನ್ನು ಶಾಲೆ ಬಿಡುವ ಹೊತ್ತಿನಲ್ಲಿ ಹೋಗಿ ನೋಡಬೇಕು.

ಮೂರನೆಯದು ವೈದ್ಯ ಸೌಲಭ್ಯ. ರಾತ್ರಿ ವೇಳೆ ಜ್ವರ ಬಂದ ಕೂಸನ್ನು ಎಲ್ಲಿಗೆ ಒಯ್ಯಬೇಕೆಂಬುದಕ್ಕೆ ಉತ್ತರವಿಲ್ಲದ ಬಡಾವಣೆಯಲ್ಲಿ ಬಾಡಿಗೆ ಎಷ್ಟು ಅಗ್ಗವಾದರೂ ಪ್ರಯೋಜನವಿಲ್ಲ.

ಸ್ಥಳಾಂತರದ ಕಾಲವನ್ನೂ ಶಾಲೆಯ ಪಂಚಾಂಗಕ್ಕೆ ಹೊಂದಿಸಬೇಕು. ಘಟಕವು ದೀಪಾವಳಿಯ ಹೊತ್ತಿಗೆ ಸಾಗಿದರೂ ಕುಟುಂಬವು ಏಪ್ರಿಲ್–ಮೇ ತಿಂಗಳಲ್ಲಿ ಸಾಗುವುದು ಯೋಗ್ಯ. ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರಿಸುವಾಗ ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲವೆಂದು ಕಾಯ್ದೆಯ 5ನೇ ಪ್ರಕರಣ ಹೇಳುತ್ತದೆ. ಮೊದಲ ಒಂದು ಶೈಕ್ಷಣಿಕ ವರ್ಷ ಬಾಡಿಗೆ ಮನೆಯಲ್ಲೇ ಇದ್ದು, ಒಂದು ಬೇಸಿಗೆ ಒಂದು ಮಳೆಗಾಲ ಕಂಡ ಮೇಲೆ ನಿವೇಶನ ಕೊಳ್ಳುವ ವಿಚಾರ ಮಾಡುವುದು ಕ್ಷೇಮ. ಆಗಲೂ ಭೂಪರಿವರ್ತನೆ, ಯೋಜನಾ ಪ್ರಾಧಿಕಾರದ ಅನುಮೋದನೆ, ಖಾತೆ ಇವುಗಳನ್ನು ನೋಡದೆ ರೆವಿನ್ಯೂ ನಿವೇಶನಕ್ಕೆ ಮುಂಗಡ ಕೊಡಬಾರದು.

ಉದ್ದಿಮೆದಾರರ ಪಾಲು

ಬೆಂಗಳೂರಿನ ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್‌ಗಳು ಕಾರ್ಖಾನೆಯ ಜೊತೆಗೇ ವಸತಿ ಕಾಲೊನಿ, ಶಾಲೆಗಳನ್ನು ಕಟ್ಟಿದವು. ಮೂರು ತಲೆಮಾರು ಅಲ್ಲಿಯೇ ನೆಲೆ ನಿಂತದ್ದಕ್ಕೆ ಸಂಬಳವೊಂದೇ ಕಾರಣವಲ್ಲ. ನಲವತ್ತು ಜನರ ಸಣ್ಣ ಘಟಕವು ಅದನ್ನು ಅನುಸರಿಸಲಾರದು, ನಿಜ. ಆದರೆ ನಲವತ್ತು ಘಟಕಗಳು ಕೂಡಿದರೆ ಆಗುವ ಕೆಲಸಗಳಿವೆ.

ಮೊದಲನೆಯದು ಶಿಶುಪಾಲನಾ ಕೇಂದ್ರ. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯು ಈ ಸೌಲಭ್ಯ ಒದಗಿಸಬೇಕೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ವಿಧಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು ಅದನ್ನು ಮುಂದುವರಿಸಿರುವುದಲ್ಲದೆ, ಹಲವು ಸಂಸ್ಥೆಗಳು ಸಂಪನ್ಮೂಲ ಒಗ್ಗೂಡಿಸಿ ಸಾಮಾನ್ಯ ಕೇಂದ್ರ ನಡೆಸಲು ಅವಕಾಶ ನೀಡಿದೆ. 50ಕ್ಕಿಂತ ಕಡಿಮೆ ಜನರಿರುವ ಘಟಕಗಳೂ ಸ್ವಇಚ್ಛೆಯಿಂದ ಇದರಲ್ಲಿ ಸೇರಿದರೆ ತಲಾ ವೆಚ್ಚ ಇಳಿಯುತ್ತದೆ. ಮಹಿಳಾ ಕೆಲಸಗಾರರು ಹೆರಿಗೆಯ ನಂತರ ಮರಳಿ ಬರುತ್ತಾರೆ.

ಎರಡನೆಯದು ಪಾಳಿಯ ವೇಳೆಗೆ ಹೊಂದುವ ಸಾಮಾನ್ಯ ಬಸ್ಸು. ಮೂರನೆಯದು, ಮನೆಯ ಮುಂಗಡ ಹಣಕ್ಕಾಗಿ ಬಡ್ಡಿಯಿಲ್ಲದ ಸಾಲ ಕೊಟ್ಟು ಸಂಬಳದಲ್ಲಿ ಕಂತಾಗಿ ಮುರಿದುಕೊಳ್ಳುವುದು. ಹೊಸ ಕೆಲಸಗಾರನನ್ನು ಹುಡುಕಿ ಪಳಗಿಸುವ ಖರ್ಚಿನ ಮುಂದೆ ಇದು ದೊಡ್ಡ ಹೊರೆಯಲ್ಲ.

ವಾಣಿಜ್ಯ ಸಂಸ್ಥೆಗಳು ಸರ್ಕಾರಕ್ಕೆ ಸಲ್ಲಿಸುವ ಮನವಿಗಳಲ್ಲಿ ವಿದ್ಯುತ್ ದರ, ಆಸ್ತಿ ತೆರಿಗೆಗಳ ಸಾಲಿನಲ್ಲಿಯೇ ಈ ವಿಷಯಕ್ಕೂ ಸ್ಥಾನ ದೊರೆಯಬೇಕು. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಹೊಸ ಬಡಾವಣೆಗಳಲ್ಲಿ ನಾಗರಿಕ ಸೌಲಭ್ಯ ನಿವೇಶನಗಳನ್ನು ಶಾಲೆ, ಶಿಶುಪಾಲನಾ ಕೇಂದ್ರ, ಚಿಕಿತ್ಸಾಲಯಗಳಿಗೆ ಮೊದಲು ಹಂಚುವಂತೆ, ಘಟಕಗಳ ನಿವೇಶನ ಹಂಚಿಕೆಯ ಜೊತೆಗೇ ಅವು ತಲೆಯೆತ್ತುವಂತೆ ಒತ್ತಾಯಿಸುವುದು ಅಗತ್ಯ. ಪ್ರತಿ ಉದ್ದಿಮೆದಾರನೂ ನಿವೇಶನದ ಅರ್ಜಿಗೆ ಸಹಿ ಹಾಕುವ ಮುನ್ನ, ತನ್ನಲ್ಲಿ ದುಡಿಯುವವರ ಪೈಕಿ ಎಷ್ಟು ಮನೆಗಳಲ್ಲಿ ಹತ್ತು ವರ್ಷದೊಳಗಿನ ಮಕ್ಕಳಿದ್ದಾರೆ ಎಂಬ ಒಂದು ಪಟ್ಟಿ ಮಾಡಿಕೊಳ್ಳಲಿ. ಆ ಪಟ್ಟಿಯಲ್ಲಿರುವವರೊಡನೆ ಹೊಸ ಸ್ಥಳದ ವಿಚಾರವನ್ನು ಆರು ತಿಂಗಳು ಮೊದಲೇ ಮಾತನಾಡಲಿ. ಹೀಗೆ ಮಾಡಿದ ಘಟಕದಲ್ಲಿ ಯಂತ್ರಗಳು ಹೊಸ ತಳಪಾಯದ ಮೇಲೆ ಕೂರುವ ಹೊತ್ತಿಗೆ ಅವನ್ನು ನಡೆಸುವ ಕೈಗಳೂ ಅಲ್ಲಿಯೇ ಇರುತ್ತವೆ.