ಕೇಳುವ ಮುನ್ನವೇ ಹೇಳಬೇಕಾದ ಮಾಹಿತಿ

ಕೊಡಗಿನ ಪೊನ್ನಂಪೇಟೆಯ ಬೆಳೆಗಾರ ಸರ್ಕಾರವನ್ನು ಕೇಳುವುದು ರಾಜ್ಯದ ಗುಟ್ಟುಗಳನ್ನಲ್ಲ. ತಲೆಮಾರುಗಳಿಂದ ಬಂದ ಜಮ್ಮಾ ಬಾಣೆ ಜಮೀನಿನ ಆರ್‌ಟಿಸಿ (ಪಹಣಿ) ತಿದ್ದುಪಡಿ ಅರ್ಜಿ ಎಲ್ಲಿಗೆ ಬಂತು? ಕಾಡಾನೆ ತುಳಿದ ತೋಟದ ಪರಿಹಾರದ ಕಡತ ಯಾರ ಮೇಜಿನ ಮೇಲಿದೆ? ನಾಗರಹೊಳೆ ಅಂಚಿನ ಹಾಡಿಯಲ್ಲಿರುವ ಜೇನುಕುರುಬರಿಗೆ, ಅರಣ್ಯ ಹಕ್ಕು ಕಾಯ್ದೆಯಡಿ ತಾವು ಸಲ್ಲಿಸಿದ ಅರ್ಜಿ ಯಾವ ಹಂತದಲ್ಲಿದೆ ಎಂದು ತಿಳಿದರೆ ಸಾಕು.

2005ರ ಅಕ್ಟೋಬರ್ 12ರಂದು ಜಾರಿಗೆ ಬಂದ ಮಾಹಿತಿ ಹಕ್ಕು ಕಾಯ್ದೆ ಇರುವುದೇ ಇಂಥ ಪ್ರಶ್ನೆಗಳಿಗಾಗಿ. ಕರ್ನಾಟಕವಂತೂ ಅದಕ್ಕೂ ಮೊದಲೇ, 2000ದಲ್ಲಿ, ತನ್ನದೇ ಕಾಯ್ದೆ ರೂಪಿಸಿದ್ದ ರಾಜ್ಯ. ಶುಲ್ಕ 10 ರೂಪಾಯಿ, ಗಡುವು 30 ದಿನ. ಮಾಹಿತಿ ಯಾಕೆ ಬೇಕು ಎಂದು ಅಧಿಕಾರಿ ಕೇಳುವಂತಿಲ್ಲ. ಸಕಾರಣವಿಲ್ಲದೆ ತಡಮಾಡಿದರೆ ದಿನಕ್ಕೆ 250 ರೂಪಾಯಿಯಂತೆ, ಗರಿಷ್ಠ 25,000 ರೂಪಾಯಿ ದಂಡವನ್ನು ಅಧಿಕಾರಿಯೇ ಕಟ್ಟಬೇಕು.

ಇಷ್ಟು ಗಟ್ಟಿಯಾದ ಕಾನೂನು ಅರ್ಜಿದಾರನ ಕೈಯಲ್ಲಿ ಸಡಿಲವಾಗುವುದು ಸಣ್ಣ ಸಣ್ಣ ಕಾರಣಗಳಿಂದ. ಕೇಂದ್ರದ ನಿಯಮ ಅರ್ಜಿಗೆ 500 ಪದಗಳ ಅವಕಾಶ ಕೊಟ್ಟರೆ, ಕರ್ನಾಟಕದ ನಿಯಮ ಅದನ್ನು 150 ಪದಕ್ಕೆ, ಅದೂ ಒಂದೇ ವಿಷಯಕ್ಕೆ ಕಟ್ಟಿಹಾಕಿದೆ. ಕಾಯ್ದೆಯಡಿ ಸಿಗುವುದು ದಾಖಲೆ, ವಿವರಣೆಯಲ್ಲ. ಹಾಗಾಗಿ ‘ಪರಿಹಾರ ಏಕೆ ಬಂದಿಲ್ಲ’ ಎಂದು ಕೇಳಿದರೆ ಅರ್ಜಿ ತಿರಸ್ಕೃತವಾಗಬಹುದು. ‘ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ’ ಎಂದು ಕೇಳುವುದು ಸರಿಯಾದ ದಾರಿ.

‘ನಮ್ಮ ಕಚೇರಿಗೆ ಸಂಬಂಧಿಸಿದ್ದಲ್ಲ’ ಎಂಬ ಹಿಂಬರಹ ಇನ್ನೊಂದು ತೊಡಕು. ಪೊನ್ನಂಪೇಟೆ ವಿರಾಜಪೇಟೆಯಿಂದ ಬೇರ್ಪಟ್ಟ ಹೊಸ ತಾಲ್ಲೂಕು. ಹಳೆಯ ದಾಖಲೆ ಯಾವ ಕಚೇರಿಯಲ್ಲಿದೆ ಎಂದು ಹುಡುಕುವ ಹೊಣೆ ಅರ್ಜಿದಾರನದಲ್ಲ. ಅರ್ಜಿಯನ್ನು 5 ದಿನದೊಳಗೆ ಸಂಬಂಧಪಟ್ಟ ಕಚೇರಿಗೆ ವರ್ಗಾಯಿಸಬೇಕು ಎಂದು ಕಾಯ್ದೆಯ 6(3)ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ.

ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ ಅದೇ ಇಲಾಖೆಯ ಮೇಲಧಿಕಾರಿಗೆ. ಅಲ್ಲಿಯೂ ನ್ಯಾಯ ಸಿಗದಿದ್ದರೆ ರಾಜ್ಯ ಮಾಹಿತಿ ಆಯೋಗಕ್ಕೆ. ಮಾಹಿತಿ ಆಯೋಗಗಳ ಕಾರ್ಯವೈಖರಿ ಅಧ್ಯಯನ ಮಾಡುವ ಸತರ್ಕ್ ನಾಗರಿಕ್ ಸಂಘಟನ್ ಸಂಸ್ಥೆಯ ವರದಿಯಂತೆ 2025ರ ಜೂನ್ ಅಂತ್ಯಕ್ಕೆ ಕರ್ನಾಟಕದ ಆಯೋಗದಲ್ಲಿ 47 ಸಾವಿರಕ್ಕೂ ಹೆಚ್ಚು ಪ್ರಕರಣಗಳು ಬಾಕಿ ಇದ್ದವು. ಮಹಾರಾಷ್ಟ್ರ ಬಿಟ್ಟರೆ ದೇಶದಲ್ಲೇ ಇದು ಅತಿ ಹೆಚ್ಚು. ಈ ಸಾಲಿನ ಕೊನೆಯಲ್ಲಿ ನಿಂತವನಿಗೆ 30 ದಿನದ ಗಡುವು ಬರೀ ಕಾಗದದ ಮಾತು.

ಕೆಲವರು ಅರ್ಜಿಗಳನ್ನು ಬೆದರಿಕೆಯ ಅಸ್ತ್ರ ಮಾಡಿಕೊಂಡಿದ್ದಾರೆ ಎಂದು ಅಧಿಕಾರಿಗಳು ದೂರುತ್ತಾರೆ. ಅದನ್ನು ಸಾರಾಸಗಟಾಗಿ ತಳ್ಳಿಹಾಕಲಾಗದು. ಆದರೆ ಮಾಹಿತಿ ಕೇಳಿ ಜೀವ ಕಳೆದುಕೊಂಡವರೂ ಇದೇ ರಾಜ್ಯದಲ್ಲಿದ್ದಾರೆ. ಮಂಗಳೂರಿನ ಮಾಹಿತಿ ಹಕ್ಕು ಕಾರ್ಯಕರ್ತ ವಿನಾಯಕ ಬಾಳಿಗಾ ಅವರ ಕೊಲೆ ನಡೆದದ್ದು 2016ರ ಮಾರ್ಚ್‌ನಲ್ಲಿ.

ಎರಡೂ ಕಡೆಯ ಸಂಕಟಕ್ಕೆ ಪರಿಹಾರ ಕಾಯ್ದೆಯ 4ನೇ ಕಲಂನಲ್ಲಿದೆ. ಬಜೆಟ್, ಸಹಾಯಧನದ ಫಲಾನುಭವಿಗಳ ವಿವರ, ಅಧಿಕಾರಿಗಳ ಕರ್ತವ್ಯ ಮುಂತಾದವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಎನ್ನುತ್ತದೆ ಅದು. ರಾಜ್ಯ ಸರ್ಕಾರದ ‘ಮಾಹಿತಿ ಕಣಜ’ ಜಾಲತಾಣ ಹುಟ್ಟಿದ್ದು ಈ ಉದ್ದೇಶಕ್ಕೇ. ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲಿರುವ ಪಟ್ಟಿಯನ್ನು ಹಿಡಿದು ಯಾರೂ ಯಾರನ್ನೂ ಬೆದರಿಸಲಾರರು. ಇತ್ತ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ‘ಇದು ವೈಯಕ್ತಿಕ ಮಾಹಿತಿ’ ಎಂದು ನಿರಾಕರಿಸುವ ಅವಕಾಶವನ್ನು ಹಿಗ್ಗಿಸಿರುವಾಗ, 4ನೇ ಕಲಂ ಪಾಲನೆ ಇನ್ನಷ್ಟು ತುರ್ತಾಗಿದೆ.

ಪೊನ್ನಂಪೇಟೆ ತಾಲ್ಲೂಕು ಆಡಳಿತ, ಅರಣ್ಯ ಇಲಾಖೆ ಮತ್ತು ಪಂಚಾಯಿತಿಗಳು ಇದನ್ನು ನಾಳೆಯೇ ಶುರುಮಾಡಬಹುದು. ಆರ್‌ಟಿಸಿ ತಿದ್ದುಪಡಿ, ಆನೆ ಹಾವಳಿ ಪರಿಹಾರ, ಅರಣ್ಯ ಹಕ್ಕು — ಈ ಮೂರೂ ಬಗೆಯ ಅರ್ಜಿಗಳು ಯಾವ ಹಂತದಲ್ಲಿವೆ ಎಂಬುದನ್ನು ಅರ್ಜಿ ಸಂಖ್ಯೆಯ ಸಮೇತ ಪ್ರತಿ ತಿಂಗಳು ಸೂಚನಾ ಫಲಕಕ್ಕೆ ಹಾಕಲಿ. ಅದಕ್ಕೆ ಹೊಸ ಕಾನೂನು ಬೇಕಿಲ್ಲ, ಬೆಂಗಳೂರಿನ ಅಪ್ಪಣೆಯೂ ಬೇಕಿಲ್ಲ.